ಓಡಬಾರದವನ ನಡಿಗೆ

ನನಗೆ ಬೀಳುವುದು ಒಂದೇ ಕನಸು. ಕಂಕುಳಲ್ಲಿ ಬಟ್ಟೆಯ ಗಂಟು, ಮುಂದೆ ಉದ್ದಾನುದ್ದ ಸೇತುವೆ, ಹಿಂದೆ ಯಾರೋ ಅಟ್ಟಿಸಿಕೊಂಡು ಬರುತ್ತಿದ್ದಾರೆ. ಓಡಬೇಕು ಅನ್ನಿಸುತ್ತದೆ. ಕಾಲು ಏಳುವುದಿಲ್ಲ. ಒಂದು ಪಾದ ಎತ್ತಿದರೆ ಇನ್ನೊಂದು ನೆಲವನ್ನು ಹಿಡಿದುಕೊಂಡೇ ಇರುತ್ತದೆ, ಸಂತೆಯಲ್ಲಿ ಮಗು ತಾಯಿಯ ಬೆರಳು ಹಿಡಿದ ಹಾಗೆ. ಓಡಲಾಗದ ಮೇಲೆ ಇನ್ನೇನು ಮಾಡುವುದು, ನಡೆಯುತ್ತೇನೆ. ನಡೆದು ನಡೆದು ಸೇತುವೆ ಮುಗಿಯುವ ಹೊತ್ತಿಗೆ ಎಚ್ಚರವಾಗುತ್ತದೆ. ಅಟ್ಟಿಸಿಕೊಂಡು ಬಂದವನ ಮುಖ ಒಂದು ಸಲವೂ ನೋಡಿಲ್ಲ.

"ನನಗೂ ಅದೇ ಕನಸು ಬೀಳುತ್ತೆ ಕಣೋ," ಅನ್ನುತ್ತಾಳೆ ಅಜ್ಜಿ. "ಮುಖಾನೂ ನೋಡಿದೀನಿ. ನಿಮ್ಮ ತಾತ. ಸತ್ತ ಮೇಲಾದ್ರೂ ಬಿಡಬಾರದಾ ಅಂತೀನಿ."

ಕನಸು ಎಲ್ಲಿಂದ ಬಂತೆಂದು ನನಗೆ ಗೊತ್ತು. ಅಪ್ಪನದು ಮೆಟ್ಟಿಲ ಕೆಳಗಿನ ಟೈಲರ್ ಅಂಗಡಿ. ಒಂದು ಮಷಿನ್ನು, ಒಂದು ಇಸ್ತ್ರಿ ಮೇಜು, ಗೋಡೆಗೆ ಒರಗಿಸಿದ ಬಟ್ಟೆಯ ಥಾನುಗಳು. ಅಷ್ಟಕ್ಕೇ ಅಂಗಡಿ ತುಂಬಿ ಅಪ್ಪನ ಅರ್ಧ ಬೆನ್ನು ಬೀದಿಯಲ್ಲಿರುತ್ತದೆ. ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನು. ಯಾರದೋ ಪೆನ್ನು ಕಳೆದಾಗಲೆಲ್ಲ ನನ್ನ ಚೀಲವನ್ನೇ ಸುರಿಸಿ ನೋಡುತ್ತಿದ್ದರು. ನಾಲ್ಕನೇ ಸಲ ನಾನೇ ಮೇಷ್ಟರ ಮೇಜಿನ ಮೇಲೆ ಎಲ್ಲ ಸುರಿದು, ಖಾಲಿ ಚೀಲವನ್ನು ಅವರ ಕೈಗೇ ಕೊಟ್ಟು ಹೊರಗೆ ಬಂದೆ. ಮಾರನೆಯ ದಿನದಿಂದ ಹೊಲಿದ ಬಟ್ಟೆಯನ್ನು ಮನೆಮನೆಗೆ ತಲುಪಿಸುವ ಕೆಲಸ ನನ್ನದಾಯಿತು.

ಗಿರಾಕಿಗಳೆಲ್ಲ ಸೇತುವೆಯ ಆಚೆ. ಅಲ್ಲಿರುವವರು ಬಿಳಿಯರು. ಈಚೆ ನಾವು, ಮುತ್ತಾತನ ಕಾಲದಲ್ಲಿ ಬಂದರಿನ ಮೂಟೆ ಹೊರಲು ಹಡಗಿನಲ್ಲಿ ತಂದು ಇಳಿಸಿದ ಕಪ್ಪು ಜನ. ಮೂಟೆ ಹೊರುವ ಕೆಲಸ ಹೋಗಿ ಎಷ್ಟೋ ಕಾಲವಾಯಿತು. 'ಇದ್ದಿಲು' ಅನ್ನುವ ಹೆಸರು ಮಾತ್ರ ಹೋಗಲಿಲ್ಲ.

ಮೊದಲ ದಿನ ಗಂಟು ಕೈಗೆ ಕೊಡುವಾಗ ಅಪ್ಪ ಒಂದೇ ಮಾತು ಹೇಳಿದ.

"ಓಡಬೇಡ."

"ತಡ ಆದ್ರೆ?"

"ತಡ ಆದ್ರೆ ಬೈತಾರೆ. ಓಡಿದ್ರೆ ಹಿಡೀತಾರೆ. ನಮ್ಮೋನು ಬಟ್ಟೆ ಗಂಟು ಕಂಕುಳಲ್ಲಿಟ್ಕೊಂಡು ಓಡ್ತಿದ್ರೆ, ನೋಡಿದೋರ ಕಣ್ಣಿಗೆ ಕಳ್ಳನೇ. ನಡಿ. ಬೇಗ ನಡಿ. ಆದ್ರೆ ಒಂದು ಕಾಲು ಯಾವಾಗ್ಲೂ ನೆಲದ ಮೇಲಿರಲಿ."

ಅದು ಒಂದು ಆಟದ ನಿಯಮವೂ ಹೌದು ಅಂತ ಅಪ್ಪನಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಾಗಲು ಆರು ವರ್ಷ ಬೇಕಾಯಿತು.

ಒಂದು ಬೆಳಿಗ್ಗೆ ಸೇತುವೆಯ ಮೇಲೆ ನಾಲ್ಕು ಜನ ಬನಿಯನ್ನು ಚಡ್ಡಿಯಲ್ಲಿ ಸೊಂಟ ತಿರುಗಿಸುತ್ತಾ ವಿಚಿತ್ರವಾಗಿ ನಡೆಯುತ್ತಿದ್ದರು. ನಾನು ಎಂಟು ಗಂಟೆಯೊಳಗೆ ಐದು ಪ್ಯಾಂಟು ತಲುಪಿಸಬೇಕಿತ್ತು. ಅವರನ್ನು ದಾಟಿಕೊಂಡು ಹೋದೆ. ಅವರಲ್ಲೊಬ್ಬ, ಕೆನ್ನೆ ಹಾಲಿನ ಹಾಗಿದ್ದವನು, ಹಿಂದಿನಿಂದ ಕೂಗಿದ.

"ಏ ಗಂಟು, ನಿಂತ್ಕೊಳೋ. ಏನು ತಿಂತೀಯೋ ನೀನು?"

"ಬೈಗುಳ," ಅಂದೆ, ನಿಲ್ಲದೆ.

ಅವನು ನಗುತ್ತಾ ಸೇತುವೆಯ ತುದಿಯವರೆಗೂ ಹಿಂದೆಯೇ ಬಂದ. ಹಿಡಿಯಲಾಗಲಿಲ್ಲ. ಮನಸ್ಸಿನಲ್ಲಿ ಅವನಿಗೆ ಹಾಲುಗಲ್ಲ ಅಂತ ಹೆಸರಿಟ್ಟೆ. ತಮ್ಮ ಕ್ಲಬ್ಬಿಗೆ ನನ್ನನ್ನು ಕರೆದುಕೊಂಡು ಹೋದವನು ಅವನೇ. ನಮ್ಮ ಬಣ್ಣದವರು ಅಲ್ಲಿಗೆ ಅದುವರೆಗೆ ಕಾಲಿಟ್ಟಿರಲಿಲ್ಲ, ಕಸ ಗುಡಿಸಲು ಹೋಗುವವರನ್ನು ಬಿಟ್ಟು. ಬೇಡ ಅನ್ನಲು ಅವರು ಕಾರಣ ಹುಡುಕುವಷ್ಟರಲ್ಲಿ ನಾನು ಅರ್ಜಿ ತುಂಬಿ ಸಹಿ ಹಾಕಿದ್ದೆ.

ನಡಿಗೆಯ ಪಂದ್ಯಕ್ಕೆ ನಿಯಮ ಎರಡೇ. ಎರಡೂ ಕಾಲು ಒಟ್ಟಿಗೆ ನೆಲ ಬಿಡಬಾರದು. ಮುಂದಿಟ್ಟ ಕಾಲಿನ ಹಿಮ್ಮಡಿ ನೆಲಕ್ಕೆ ತಾಗಿದ ಗಳಿಗೆಯಿಂದ ಮೈ ಅದರ ಮೇಲೆ ನೆಟ್ಟಗೆ ಬರುವವರೆಗೆ ಮೊಣಕಾಲು ಬಾಗಬಾರದು. ದಾರಿಯುದ್ದಕ್ಕೂ ಐದು ಜನ ತೀರ್ಪುಗಾರರು ನಿಂತಿರುತ್ತಾರೆ. ಕ್ಯಾಮೆರಾ ಇಲ್ಲ, ಯಂತ್ರ ಇಲ್ಲ, ಬರಿಗಣ್ಣು. ಅನುಮಾನ ಬಂದರೆ ಹಳದಿ ಹಲಗೆ ಎತ್ತಿ ತೋರಿಸುತ್ತಾರೆ. ತಪ್ಪು ಅನ್ನಿಸಿದರೆ ಕೆಂಪು ಚೀಟಿ ಬರೆಯುತ್ತಾರೆ. ಒಬ್ಬ ತೀರ್ಪುಗಾರ ಒಬ್ಬನಿಗೆ ಒಂದೇ ಚೀಟಿ ಬರೆಯಬಹುದು. ಮೂರು ಜನರಿಂದ ಮೂರು ಚೀಟಿ ಬಂದರೆ ಮುಖ್ಯ ತೀರ್ಪುಗಾರ ಕೆಂಪು ಹಲಗೆ ಹಿಡಿದು ಎದುರಿಗೆ ಬರುತ್ತಾನೆ, ನಾವು ದಾರಿ ಬಿಟ್ಟು ಇಳಿಯಬೇಕು.

ದೇಶದ ತಂಡದ ಆಯ್ಕೆಗೆ ಎರಡು ಸಲ ನಡೆದೆ. ಎರಡು ಸಲವೂ ಇಳಿಸಿದರು. ಮೊದಲ ಸಲ ಹದಿನಾಲ್ಕನೇ ಕಿಲೋಮೀಟರಿನಲ್ಲಿ, ಎರಡನೇ ಸಲ ಹದಿನೆಂಟರಲ್ಲಿ. ಆರು ಚೀಟಿಯಲ್ಲೂ ಒಂದೇ ಗುರುತು, ಬಾಗಿದ ಮೊಣಕಾಲಿನದು. ಕ್ಲಬ್ಬಿನ ಗುಮಾಸ್ತ ಚೀಟಿಗಳನ್ನು ಫೈಲಿಗೆ ಚುಚ್ಚುತ್ತಾ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿನಗೆ ನೆಲ ಸರಿ ಇದೆಯಪ್ಪ, ಕಾಲೇ ಡೊಂಕು," ಅಂದ.

ನಾನು ನೇರವಾಗಿ ಮುಖ್ಯ ತೀರ್ಪುಗಾರನ ಕೋಣೆಗೆ ಹೋದೆ. ಬೋಳು ತಲೆಯ ದೊಡ್ಡ ಮನುಷ್ಯ. ಕೂತುಕೋ ಅನ್ನಲಿಲ್ಲ, ಆದರೆ ಮಾತು ಮೆದುವಾಗಿತ್ತು.

"ನೋಡು, ನಿನ್ನ ಮೇಲೆ ನಮಗೆ ಏನೂ ಇಲ್ಲ. ಮೂರು ತಲೆಮಾರು ಮೂಟೆ ಹೊತ್ತ ಜನ ನೀವು. ಮೊಣಕಾಲು ಪೂರ್ತಿ ನೆಟ್ಟಗಾಗಲ್ಲ. ನಿನ್ನ ತಪ್ಪಲ್ಲ ಅದು. ರಚನೆ."

"ಸಾರ್, ನಮ್ಮಪ್ಪ ಟೈಲರ್. ಅವರ ಕೈಲಿ ಸೂಜಿಗಿಂತ ಭಾರದ್ದು ನಾನು ನೋಡಿಲ್ಲ. ತಾತ ಹೊತ್ತ ಮೂಟೆಗೂ ನನ್ನ ಕಾಲಿಗೂ ಏನು ಸಂಬಂಧ? ಬೋಳುತಲೆಗೂ ಮೊಣಕಾಲಿಗೂ ಗಂಟು ಹಾಕಬೇಡಿ."

ನಾನು ಹೇಳಿದ್ದು ಗಾದೆ. ಅವನ ತಲೆ ಬೋಳಾಗಿದ್ದದ್ದು ನನ್ನ ತಪ್ಪಲ್ಲ. ರಚನೆ. ಆರು ತಿಂಗಳು ಕ್ಲಬ್ಬಿನ ಬಾಗಿಲು ನನಗೆ ಮುಚ್ಚಿತು.

ಬಾಗಿಲು ತೆರೆದಾಗ ಉಳಿದಿದ್ದು ಒಂದೇ ಆಯ್ಕೆಯ ನಡಿಗೆ. ಮೊದಲ ಮೂವರು ತಂಡಕ್ಕೆ. ಆಯ್ಕೆಯಲ್ಲಿ ಮೂರು ಸಲ ಇಳಿಸಿಕೊಂಡವನ ಹೆಸರು ಕ್ಲಬ್ಬಿನಿಂದಲೇ ಹೋಗುತ್ತದೆ. ಅಂದರೆ ಈ ಸಲ ಇಳಿಸಿದರೆ ನಾನು ಮತ್ತೆ ಬರೀ ಗಂಟಿನವನು.

ಆ ವಾರ ಅಂಗಡಿಯಲ್ಲಿ ಕೂರಲಾಗದೆ, ನಿಲ್ಲಲಾಗದೆ ಮೆಟ್ಟಿಲ ಮುಂದೆ ಶತಪಥ ಹಾಕುತ್ತಿದ್ದೆ. ಅಪ್ಪ ಕಪ್ಪು ಕೋಟಿನ ಬಟ್ಟೆ ಹರಡಿಕೊಂಡು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದ. ತಲೆ ಎತ್ತದೆ ಅಂದ, "ಅವರಿಗೆ ನಿನ್ನ ಮೊಣಕಾಲು ಕಾಣಲ್ಲ ಕಣೋ."

"ಕಾಣದೇನೇ ಚೀಟಿ ಬರೀತಾರಾ?"

"ಕಾಣದೆ ಇದ್ದಾಗ್ಲೇ ಬರೆಯೋದು. ಕಪ್ಪು ಬಟ್ಟೆ ಮೇಲೆ ಕಪ್ಪು ದಾರದ ಹೊಲಿಗೆ ನನಗೇ ಕಾಣಲ್ಲ, ಮೂವತ್ತು ವರ್ಷದ ಕಣ್ಣು ಇದು. ಕಾಣದ ಕಡೆ ಮನುಷ್ಯ ತನ್ನ ತಲೇಲಿರೋದನ್ನ ನೋಡ್ತಾನೆ." ಸೀಮೆಸುಣ್ಣ ಎತ್ತಿ ತೋರಿಸಿದ. "ಅದಕ್ಕೇ ಗೆರೆ. ಬಾ ಇಲ್ಲಿ, ಕಾಲು ಕೊಡು."

ನನ್ನ ತೊಡೆಯಿಂದ ಹರಡಿನವರೆಗೆ ಹೊರಬದಿಯಲ್ಲಿ ಒಂದು ಗೆರೆ ಎಳೆದ. ಕಪ್ಪು ಚರ್ಮದ ಮೇಲೆ ಅದು ರಸ್ತೆಯ ನಡುವಿನ ಬಿಳಿ ಪಟ್ಟೆಯ ಹಾಗೆ ಎದ್ದು ಕಂಡಿತು. ಕಾಲು ಬಗ್ಗಿಸಿದರೆ ಮುರಿಯಿತು, ನೆಟ್ಟಗೆ ಇಟ್ಟರೆ ಕೂಡಿಕೊಂಡಿತು. "ಬೆಳ್ಳಗಿನ ಕಾಲಿನ ಮೇಲೆ ಹೀಗೆ ಕಾಣ್ತಿತ್ತೇನೋ?" ಅಂದ ಅಪ್ಪ. ಅವನಿಗೆ ಅದು ದೊಡ್ಡ ತಮಾಷೆ.

ನನಗೆ ಮೈ ಉರಿಯಿತು. ಒದ್ದೆ ಬಟ್ಟೆಯಿಂದ ಗೆರೆ ಒರೆಸಿಬಿಟ್ಟೆ.

"ಕಾಲು ನೆಟ್ಟಗಿದೆ ಅಂತ ನನ್ನ ಮೈ ಮೇಲೆ ನಾನೇ ಬರಕೊಂಡು ತಿರುಗಬೇಕಾ? ಕಣ್ಣು ಅವರದ್ದು ಕೆಟ್ಟಿರೋದು. ಗುರುತು ನನಗೆ ಯಾಕೆ?"

ಅಪ್ಪ ಸೀಮೆಸುಣ್ಣ ಜೇಬಿಗೆ ಹಾಕಿಕೊಂಡ. ಎರಡು ದಿನದಲ್ಲಿ ಒಂದು ಪ್ಯಾಂಟು ಹೊಲಿದುಕೊಟ್ಟ. ಮೈಗೆ ಅಂಟುವ ಕಪ್ಪು ಬಟ್ಟೆ, ಎರಡೂ ಹೊರಬದಿಗೆ ಸಣ್ಣ ಬಿಳಿ ಅಂಚು. "ಇದು ಗುರುತಲ್ಲ," ಅಂದ. "ಫ್ಯಾಷನ್ನು." ಅದನ್ನು ಒಪ್ಪಿಕೊಂಡೆ.

ಪಂದ್ಯದ ಬೆಳಿಗ್ಗೆ ಅಪ್ಪನೂ ಅಜ್ಜಿಯೂ ಹೊರಟು ನಿಂತರು. ಇಬ್ಬರೂ ಇದುವರೆಗೆ ನಾನು ನಡೆಯುವುದನ್ನು ನೋಡಲು ಬಂದವರಲ್ಲ. ಅಜ್ಜಿಗೆ ಕಿವಿ ಮುಕ್ಕಾಲು ಕೇಳುವುದಿಲ್ಲ. ಪಂದ್ಯ ನಡೆಯುವ ಉದ್ಯಾನದ ಗೇಟಿನಲ್ಲಿ ಕಾವಲುಗಾರ ಸ್ಟೂಲಿನ ಮೇಲೆ ಕೂತಿದ್ದ. ಬಿಳಿಯರು ಬಂದರೆ "ಬನ್ನಿ, ಬನ್ನಿ" ಅನ್ನುತ್ತಿದ್ದವನು ನಮ್ಮನ್ನು ಕಂಡ ಕೂಡಲೆ ಕೋಲಿನಿಂದ ಸ್ಟೂಲಿನ ಕಾಲು ಬಡಿದ.

"ನಡಿ, ನಡಿ. ಇಲ್ಲಿ ನಿಲ್ಲಬೇಡಿ. ಏ ಮುದುಕಿ, ನಡಿ."

ಆ ಮಾತು ನಮಗೆ ಹೊಸದಲ್ಲ. ಅಂಗಡಿಯ ಗಾಜಿನ ಮುಂದೆ ನಿಂತರೆ ನಡಿ, ಬಸ್ಸಿನಲ್ಲಿ ಮುಂದಿನ ಸೀಟಿಗೆ ಕೂತರೆ ನಡಿ. ನನ್ನ ಮುಷ್ಟಿ ಬಿಗಿಯಿತು. ಅಜ್ಜಿಯ ಮುಖ ಮಾತ್ರ ಅರಳಿತು.

"ನೋಡೋ, ಎಷ್ಟು ಒಳ್ಳೇ ಮನುಷ್ಯ. ಬಂದ ಕೂಡಲೇ ನಡಿ ನಡಿ ಅಂತ ಹುರಿದುಂಬಿಸ್ತಾ ಇದಾನೆ." ಅವನ ಕಡೆ ತಿರುಗಿ ಹೇಳಿದಳು, "ಇನ್ನೂ ಶುರುವಾಗಿಲ್ಲ ಕಣಪ್ಪ. ಗಂಟಲು ಉಳಿಸ್ಕೋ."

ಅಪ್ಪ ನನ್ನ ಮುಷ್ಟಿಯನ್ನು ಹಿಡಿದುಕೊಂಡ. ನಾನು ಎದೆಗೆ ಚುಚ್ಚಿಕೊಂಡಿದ್ದ ಸಂಖ್ಯೆ ತೋರಿಸಿದೆ, ಒಳಗೆ ಹೋದೆವು.

ಒಳಗೆ ಗುಮಾಸ್ತ ಪ್ಯಾಂಟನ್ನು ನೋಡಿದ. "ಇದು ನಡೆಯಲ್ಲ. ಕ್ಲಬ್ಬಿನ ಚಡ್ಡಿ ಬಿಟ್ಟು ಬೇರೆ ಉಡುಪು ಹಾಕೋ ಹಾಗಿಲ್ಲ."

"ಯಾವ ನಿಯಮದಲ್ಲಿದೆ?"

ಪುಸ್ತಕ ತೆಗೆದು ಬೆರಳಿಟ್ಟು ತೋರಿಸಿದ. ಇತ್ತು.

ಹೊರಡಲು ಹತ್ತು ನಿಮಿಷ. ಬೆಂಚಿನ ಮೇಲೆ ಕೂತು ಪ್ಯಾಂಟು ಕಳಚಿ ಚಡ್ಡಿಯಲ್ಲಿ ನಿಂತೆ. ನನ್ನ ಕಾಲುಗಳು ಮರದ ನೆರಳಿನಲ್ಲಿ ಕರಗಿಹೋದ ಹಾಗೆ ಇದ್ದವು. ಅಪ್ಪ ಅಂಗಿಯ ಜೇಬಿನಿಂದ ಸೀಮೆಸುಣ್ಣ ತೆಗೆದ. ಅದನ್ನು ಅಂಗೈ ಮೇಲಿಟ್ಟುಕೊಂಡು ಕಾದ, ಅಳತೆ ಕೊಡಲು ನಾಚುವ ಗಿರಾಕಿಗೆ ಕಾಯುವ ಹಾಗೆ.

"ಮೈ ಮೇಲೆ ಬರಕೊಳ್ಳಬಾರದು ಅಂತ ಆ ಪುಸ್ತಕದಲ್ಲಿ ಇದೆಯಾ?" ಕೇಳಿದೆ.

ಗುಮಾಸ್ತ ಪುಟ ತಿರುವಿದ. ಮತ್ತೆ ತಿರುವಿದ. "ಇಲ್ಲ," ಅಂದ, ಬೇಸರದಿಂದ.

ನಾನು ಕಾಲು ಮುಂದಿಟ್ಟೆ. ಅಪ್ಪ ಮಂಡಿಯೂರಿ ಕೂತ. "ಗಿರಾಕಿ ತರ ನಿಂತ್ಕೋ. ಉಸಿರು ಬಿಗಿ ಹಿಡೀಬೇಡ, ಅಳತೆ ತಪ್ಪುತ್ತೆ." ಸೀಮೆಸುಣ್ಣ ಚರ್ಮದ ಮೇಲೆ ತಣ್ಣಗೆ ಇಳಿಯಿತು. ಒಂದು ಕಾಲು, ಇನ್ನೊಂದು ಕಾಲು. ಸುತ್ತಲಿನವರು ನೋಡಿ ನಕ್ಕರು. ನಾಚಿಕೆಯಿಂದ ನನ್ನ ಕಿವಿ ಸುಟ್ಟಿತು. ಅಪ್ಪ ಎದ್ದು ಎರಡು ಹೆಜ್ಜೆ ಹಿಂದೆ ಸರಿದು, ಕೋಟು ತೊಟ್ಟವನನ್ನು ನೋಡುವಂತೆ ನನ್ನನ್ನು ನೋಡಿದ.

"ಸರಿ ಇದೆ," ಅಂದ. "ಬೆವರು ತಾಗೋವರೆಗೆ ಇರುತ್ತೆ. ಕಾಲಿಗೆ ನೀರು ಹಾಕ್ಕೋಬೇಡ."

ಎರಡು ಕಿಲೋಮೀಟರಿನ ದಾರಿ, ಹತ್ತು ಸುತ್ತು.

ಪಿಸ್ತೂಲಿನ ಸದ್ದಾದ ಮೇಲೆ ನನಗೆ ಸದ್ದೇ ಕೇಳಿಸಲಿಲ್ಲ. ಕನಸಿನಲ್ಲೂ ಹೀಗೆಯೇ. ದಾರಿ ಥಾನಿನಿಂದ ಬಿಚ್ಚಿದ ಬೂದು ಬಟ್ಟೆಯ ಹಾಗೆ ಉರುಳಿಕೊಂಡು ಬರುತ್ತಿತ್ತು, ನಾನು ಅದರ ಮೇಲೆ ಹೊಲಿಗೆ ಹಾಕುತ್ತಿದ್ದೆ. ಹಿಮ್ಮಡಿ ಇಳಿಯುತ್ತದೆ, ಬೆರಳು ಬಿಡುತ್ತದೆ. ಸೂಜಿ ಇಳಿಯುತ್ತದೆ, ದಾರ ಎಳೆಯುತ್ತದೆ. ಅಪ್ಪನ ಮಷಿನ್ನಿನ ಕಾಲುಮಣೆಯ ತಾಳ ಅದು. ಹುಟ್ಟಿದಂದಿನಿಂದ ಅದನ್ನು ಕೇಳುತ್ತಲೇ ಮಲಗಿದವನು ನಾನು. ಮರಗಳು ನೀರಿನೊಳಗಿನ ಗಿಡಗಳ ಹಾಗೆ ಮೆಲ್ಲಗೆ ಬಾಗುತ್ತಿದ್ದವು. ಹಗ್ಗದ ಆಚೆ ನಿಂತವರ ಬಾಯಿ ತೆರೆಯುತ್ತಿತ್ತು, ಮುಚ್ಚುತ್ತಿತ್ತು. ನನ್ನ ಎರಡು ಬದಿಯಲ್ಲೂ ಎರಡು ಬಿಳಿ ಗೆರೆ, ಮುರಿಯುತ್ತಾ, ಕೂಡುತ್ತಾ, ಮುರಿಯುತ್ತಾ, ಕೂಡುತ್ತಾ ಜೊತೆಗೆ ಬರುತ್ತಿದ್ದವು. ಅವು ನನ್ನವಲ್ಲ, ನನ್ನ ಅಕ್ಕಪಕ್ಕ ನಡೆಯುವ ಇಬ್ಬರು ತೆಳ್ಳಗಿನ ಜನ ಅನ್ನಿಸುತ್ತಿತ್ತು.

ದಾರಿಯ ಆ ತುದಿಯಲ್ಲಿ ದೊಡ್ಡ ಮರಗಳ ನೆರಳಿನ ತಿರುವು. ಅಲ್ಲಿ ನಿಲ್ಲುವ ತೀರ್ಪುಗಾರ್ತಿ ದಪ್ಪ ಕನ್ನಡಕದ ಹೆಂಗಸು. ಹಿಂದಿನ ಎರಡು ಸಲವೂ ನನಗೆ ಚೀಟಿ ಬರೆದವರು. ಮೊದಲ ಸುತ್ತಿನಲ್ಲಿ ನಾನು ನೆರಳಿಗೆ ಬಂದದ್ದೇ ತಡ, ಅವರ ಕೈ ಅಭ್ಯಾಸದಿಂದ ಹಳದಿ ಹಲಗೆಯನ್ನು ಎತ್ತಿತು. ಅಷ್ಟರಲ್ಲಿ ಕಣ್ಣಿಗೆ ಗೆರೆ ಸಿಕ್ಕಿತು. ಹಲಗೆ ಎದೆಯ ಮಟ್ಟದಲ್ಲಿ ನಿಂತಿತು. ಕೆಳಗೆ ಇಳಿಯಲೂ ಇಲ್ಲ, ಮೇಲೆ ಏರಲೂ ಇಲ್ಲ. ಎರಡನೇ ಸುತ್ತಿನಲ್ಲೂ ಹಾಗೆಯೇ ಎದೆಗೆ ಅವುಚಿಕೊಂಡು ನಿಂತಿದ್ದರು.

ಮೂರನೇ ಸುತ್ತಿನಲ್ಲಿ ನೀರಿನ ಮೇಜಿನ ಹತ್ತಿರದ ಟೋಪಿಯ ತೀರ್ಪುಗಾರ, ನಾನು ಇನ್ನೂ ಐವತ್ತು ಮಾರು ದೂರದಲ್ಲಿರುವಾಗಲೇ ಚೀಟಿ ಬರೆದುಬಿಟ್ಟ. ಗೆರೆ ನೋಡುವಷ್ಟು ಹತ್ತಿರಕ್ಕೂ ಬರಗೊಡಲಿಲ್ಲ. ಚೀಟಿಗಳ ಲೆಕ್ಕ ತೋರಿಸುವ ಫಲಕದಲ್ಲಿ ನನ್ನ ಸಂಖ್ಯೆಯ ಮುಂದೆ ಒಂದು ಕೆಂಪು ಗುರುತು ಬಿತ್ತು.

"ಅದ್ಯಾಕ್ರೀ ಕೊಟ್ರಿ?" ಹಗ್ಗದ ಆಚೆ ಮಡಿಸುವ ಕುರ್ಚಿಯಲ್ಲಿ ಕೂತಿದ್ದ ಬಿಳಿ ಹೆಂಗಸೊಬ್ಬರು ಕೇಳಿದ್ದು ನೀರಿನ ಆಳದಿಂದ ಬಂದ ಹಾಗೆ ಕೇಳಿಸಿತು. "ಗೆರೆ ನೆಟ್ಟಗೇ ಇದೆಯಲ್ಲ."

"ನೀವು ತೀರ್ಪುಗಾರರಾ?"

"ಅಲ್ಲ. ಆದ್ರೆ ಗೆರೆ ನೆಟ್ಟಗಿದೆಯೋ ಇಲ್ವೋ ನೋಡೋದಕ್ಕೆ ಪರೀಕ್ಷೆ ಪಾಸು ಮಾಡಬೇಕಾ?"

ಆರನೇ ಸುತ್ತಿನಲ್ಲಿ ಇನ್ನೊಬ್ಬ ತೀರ್ಪುಗಾರನಿಂದ ಎರಡನೆಯ ಚೀಟಿ ಬಂತು. ಅವನು ನನ್ನನ್ನು ನೋಡುತ್ತಿರಲಿಲ್ಲ, ಬರೆದಾದ ಮೇಲೆ ನೋಡಿದ. ಆಗ ನನ್ನೊಳಗೆ ಏನೋ ಹೊತ್ತಿಕೊಂಡಿತು. ಓಡಬೇಕು ಅನ್ನಿಸಿತು, ಅವನ ಕಡೆಗೆ, ಆ ಪೆನ್ನಿನ ಕಡೆಗೆ. ತೊಡೆ ಜಿಗಿಯಲು ಬಿಗಿಯಿತು, ಹಿಂದಿನ ಪಾದ ಆಗಲೇ ನೆಲ ಬಿಡುವುದರಲ್ಲಿತ್ತು. ಬಿಟ್ಟಿದ್ದರೆ ಅದು ನಿಜವಾದ ತಪ್ಪಾಗುತ್ತಿತ್ತು. ಅವರೆಲ್ಲ ಇಷ್ಟು ವರ್ಷ ಕಾಯುತ್ತಿದ್ದ ತಪ್ಪನ್ನು ನಾನೇ ತಟ್ಟೆಯಲ್ಲಿಟ್ಟು ಕೊಟ್ಟ ಹಾಗಾಗುತ್ತಿತ್ತು. ಓಡಿದ್ರೆ ಹಿಡೀತಾರೆ. ಒಂದು ಕಾಲು ನೆಲದ ಮೇಲಿರಲಿ. ಕೋಪವನ್ನು ಹಿಮ್ಮಡಿಗೆ ಇಳಿಸಿದೆ. ಅದು ಹೋಗಲಿಲ್ಲ, ಇವತ್ತಿಗೂ ಹೋಗಿಲ್ಲ. ಆ ಹೊತ್ತಿಗೆ ನೆಲದ ಪಾಲಿಗೆ ಬಿಟ್ಟೆ, ಅಷ್ಟೇ.

ಅಲ್ಲಿಂದ ಮುಂದೆ ಒಂದು ಸದ್ದು ಮಾತ್ರ ಕನಸಿನೊಳಗೆ ಬಂತು. ಹಗ್ಗ ಹಿಡಿದು ನಿಂತ ಅಜ್ಜಿಯದು.

"ನಡಿ, ನಡಿ," ಅನ್ನುತ್ತಿದ್ದಳು. ಗೇಟಿನವನದ್ದೇ ರಾಗ, ಅದೇ ಗಡಸು. ಎಲ್ಲಿಂದಲೋ ಒಂದು ಕಡ್ಡಿ ಬೇರೆ ಹುಡುಕಿಕೊಂಡು ಹಗ್ಗದ ಗೂಟ ಬಡಿಯುತ್ತಿದ್ದಳು. ಇಲ್ಲಿ ಹುರಿದುಂಬಿಸುವ ಕ್ರಮ ಹೀಗೇ ಇರಬೇಕು ಅಂದುಕೊಂಡು ಚಾಚೂ ತಪ್ಪದೆ ಪಾಲಿಸುತ್ತಿದ್ದಳು. ಕುರ್ಚಿಯ ಹೆಂಗಸು ಮೊದಲು ನಕ್ಕರು. ಮುಂದಿನ ಸುತ್ತಿಗೆ ಬಂದಾಗ ಅವರೂ ಶುರು ಮಾಡಿದ್ದರು. ಅವರ ಪಕ್ಕದವರೂ. ನಡಿ, ನಡಿ. ಜೀವಮಾನವೆಲ್ಲ ಬೆನ್ನಿಗೆ ಬಿದ್ದ ಮಾತು ಎದುರಿನಿಂದ ಬರುತ್ತಿತ್ತು. ಕಿವಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ.

ಎಂಟನೇ ಸುತ್ತಿಗೆ ಬಿಸಿಲು ಏರಿತು. ಎಲ್ಲರೂ ತಲೆಗೆ, ತೊಡೆಗೆ ಸ್ಪಂಜು ಹಿಂಡಿಕೊಳ್ಳುತ್ತಿದ್ದರು. ನಾನು ಗಂಟಲು ಮಾತ್ರ ಒದ್ದೆ ಮಾಡಿಕೊಂಡೆ. ಆದರೂ ಬೆವರಿಗೆ ಯಾರ ಅಪ್ಪಣೆ ಬೇಕು? ತೊಡೆಯಿಂದ ಇಳಿದ ಬೆವರು ಗೆರೆಯನ್ನು ತಿನ್ನುತ್ತಾ ಬಂತು. ಒಂಬತ್ತನೆಯ ಸುತ್ತಿನಲ್ಲಿ ಬಗ್ಗಿ ನೋಡಿದಾಗ ಮೊಣಕಾಲಿನ ಹತ್ತಿರ ಏನೂ ಇರಲಿಲ್ಲ. ಹರಡಿನ ಮೇಲೆ ಬೆರಳಗಲದ ಒಂದು ಬಿಳಿ ಚುಕ್ಕೆ, ಅಷ್ಟೇ. ಆ ಇಬ್ಬರು ತೆಳ್ಳಗಿನ ಜನ ನನ್ನನ್ನು ಬಿಟ್ಟು ಹೋಗಿದ್ದರು.

ಕೊನೆಯ ಸುತ್ತಿಗೆ ತಿರುಗಿದಾಗ ಅಪ್ಪ ಕಾಣಿಸಿದ. ಹಗ್ಗದ ಮೇಲೆ ಅರ್ಧ ಬಗ್ಗಿ, ಕೈ ಚಾಚಿ, ಬೆರಳ ತುದಿಯಲ್ಲಿ ಸೀಮೆಸುಣ್ಣ. ನಾನು ಹತ್ತಿರ ಬಂದರೆ ಹೋಗುತ್ತಾ ಹೋಗುತ್ತಾ ಒಂದು ಗೆರೆ ಎಳೆದುಬಿಡುತ್ತೇನೆ ಅನ್ನುವ ಆಸೆ ಅವನ ಮುಖದಲ್ಲಿತ್ತು. ಪಂದ್ಯದ ನಡುವೆ ಹೊರಗಿನವರು ಮೈ ಮುಟ್ಟಿ ಸಹಾಯ ಮಾಡಿದರೆ ಅಲ್ಲಿಗೇ ಮುಗಿಯುತ್ತದೆ ಎಂದು ಅವನಿಗೆ ಗೊತ್ತಿಲ್ಲ. ಹೇಳಲು ಉಸಿರಿಲ್ಲ. ತಲೆಯಾಡಿಸಿ ದಾರಿಯ ನಡುವಿಗೆ ಸರಿದೆ. ದಾಟಿ ಹೋಗುವಾಗ ಓರೆಗಣ್ಣಿಗೆ ಕಂಡದ್ದು ಆ ಕೈ. ಗಾಳಿಯಲ್ಲಿ ಹಾಗೆಯೇ ಚಾಚಿಕೊಂಡಿತ್ತು, ಬಹಳ ಚಿಕ್ಕದಾಗಿ.

ಎಲ್ಲರಿಗಿಂತ ಮುಂದೆ ಒಬ್ಬ, ಅವನ ಹಿಂದೆ ಹಾಲುಗಲ್ಲ, ಮೂರನೆಯವನು ನಾನು. ನಾಲ್ಕನೆಯವನ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು. ಎದುರಿಗೆ ನೆರಳಿನ ತಿರುವು. ಅಲ್ಲಿ ಇನ್ನೂ ಚೀಟಿ ಬರೆಯದ ಕನ್ನಡಕದ ತೀರ್ಪುಗಾರ್ತಿ.

ಬಿಸಿಲಿನಿಂದ ನೆರಳಿಗೆ ಇಳಿದೆ. ತಣ್ಣನೆಯ ನೀರಿಗೆ ಇಳಿದ ಹಾಗಾಯಿತು. ನನ್ನ ಕಾಲುಗಳು ಮತ್ತೆ ಕರಗಿದವು. ಅವರ ಕಣ್ಣು ನನ್ನ ಕಾಲಿನ ಮೇಲೆ ಗೆರೆ ಹುಡುಕಿತು, ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ. ಸಿಗಲಿಲ್ಲ. ಹಲಗೆ ಹಿಡಿದ ಕೈ ಅಲುಗಿತು. ಆಮೇಲೆ ಅವರು ಮಾಡಿದ್ದನ್ನು ನಾನು ಹೆಜ್ಜೆ ಹೆಜ್ಜೆಯಾಗಿ ಹೇಳಬಲ್ಲೆ, ಅಷ್ಟು ನಿಧಾನವಾಗಿ ಅದು ನಡೆಯಿತು. ಹಲಗೆಯನ್ನು ಕಂಕುಳಿಗೆ ಸಿಕ್ಕಿಸಿದರು. ಕನ್ನಡಕವನ್ನು ಮೂಗಿನ ಮೇಲಕ್ಕೆ ತಳ್ಳಿದರು. ಸ್ಕರ್ಟಿನ ಅಂಚು ಹಿಡಿದುಕೊಂಡು, ದಾರಿಯ ಅಂಚಿಗೆ ಬಂದು, ಕುಕ್ಕರುಗಾಲಿನಲ್ಲಿ ಕೂತರು. ನನ್ನ ಮೊಣಕಾಲಿನ ಮಟ್ಟಕ್ಕೆ ಅವರ ಮುಖ. ಎರಡು ವರ್ಷದಲ್ಲಿ, ಮೂರು ಪಂದ್ಯದಲ್ಲಿ, ಮೊದಲ ಸಲ ಒಬ್ಬರು ನನ್ನ ಮೊಣಕಾಲನ್ನು ನೋಡಿದರು.

ಎಲ್ಲಿ ನೋಡಬೇಕು ಅನ್ನುವುದನ್ನು ಗೆರೆ ಅವರಿಗೆ ಕಲಿಸಿ ಹೋಗಿತ್ತು. ಅದು ಅಳಿಸಿದ ಮೇಲೂ ಅವರಿಗೆ ಕಾಣುತ್ತಲೇ ಇತ್ತು.

ಹಿಮ್ಮಡಿ ಇಳಿಯಿತು, ಬೆರಳು ಬಿಟ್ಟಿತು. ಹಿಮ್ಮಡಿ ಇಳಿಯಿತು. ತಿರುವು ಮುಗಿಯಿತು. ಹಿಂದೆ ಚೀಟಿ ಹರಿಯುವ ಸದ್ದು ಬರಲಿಲ್ಲ.

ಮುಕ್ತಾಯದ ಗೆರೆ ದಾಟಿದಾಗ ನಾನು ಮೂರನೆಯವನು. ಆದರೆ ಮುಗಿದ ಮೇಲೂ ಮುಖ್ಯ ತೀರ್ಪುಗಾರ ಬಂದು ಕೆಂಪು ಹಲಗೆ ತೋರಿಸಬಹುದು. ನಾನು ಕೂರಲಿ ಅಂತ ಯಾರೋ ಕುರ್ಚಿ ಕೊಟ್ಟರು, ಕೂರಲಿಲ್ಲ. ಆ ದೊಡ್ಡ ಮನುಷ್ಯ ಫಲಕದ ಹತ್ತಿರ ನಿಂತು ಚೀಟಿಗಳನ್ನು ಎಣಿಸಿದ. ಮತ್ತೆ ಎಣಿಸಿದ. ಕನ್ನಡಕದವರನ್ನು ಕರೆದು ಏನೋ ಕೇಳಿದ. ಅವರು ಇಲ್ಲ ಅನ್ನುವಂತೆ ತಲೆಯಾಡಿಸಿದರು. ಮತ್ತೆ ಕೇಳಿದ. ಅವರು ಕೂತು, ಎದ್ದು, ತಾವು ನೋಡಿದ್ದು ಹೇಗೆ ಅನ್ನುವುದನ್ನೇ ಮಾಡಿ ತೋರಿಸಿದರು. ಕೈ ಬೆನ್ನ ಹಿಂದೆ ಕಟ್ಟಿಕೊಂಡು ಅವನು ನನ್ನ ಕಡೆಗೆ ಬಂದ. ಬೆನ್ನ ಹಿಂದಿನ ಕೈಯಲ್ಲಿ ಏನಿದೆ ಎಂದು ಕಾಣುತ್ತಿರಲಿಲ್ಲ.

"ಕಾಲ ಮೇಲೆ ಏನದು ಬರಕೊಂಡಿದ್ದು?"

"ಏನಿಲ್ಲ ಸಾರ್. ಅಳಿಸಿಹೋಯ್ತು."

"ಇನ್ನೊಂದು ಸಲ ಬರಕೊಂಡು ಬರಬೇಡ. ಅದಕ್ಕೂ ನಿಯಮ ಮಾಡಿಸ್ತೀನಿ."

"ಮಾಡಿಸಿ ಸಾರ್. ಇನ್ನು ಬೇಕಾಗಲ್ಲ."

ಅವನು ಕೈ ಮುಂದೆ ತಂದ. ಕೆಂಪು ಹಲಗೆಯ ಹಿಡಿಯಿಂದ ಬೋಳು ತಲೆಯನ್ನು ಒಂದು ಸಲ ಕೆರೆದುಕೊಂಡು ಹೊರಟುಹೋದ. ಗುಮಾಸ್ತ ಆಯ್ಕೆಯಾದವರ ಪಟ್ಟಿಯ ಮೂರನೆಯ ಸಾಲಿನಲ್ಲಿ ನನ್ನ ಹೆಸರು ಬರೆದ. ಒಂದು ಅಕ್ಷರ ತಪ್ಪು ಬರೆದ. ಅಲ್ಲೇ ನಿಂತು ತಿದ್ದಿಸಿದೆ.

ಹಾಲುಗಲ್ಲ ಹುಲ್ಲಿನ ಮೇಲೆ ಅಂಗಾತ ಬಿದ್ದುಕೊಂಡಿದ್ದ. ಎರಡನೆಯವನಾಗಿ ಮುಗಿಸಿದ್ದ.

"ಲೋ ಗಂಟು, ನಾಳೆಯಿಂದ ನಾನೂ ಬೈಗುಳಾನೇ ತಿಂತೀನಿ ಕಣೋ."

"ನಿನಗೆ ಯಾರು ಕೊಡ್ತಾರೋ?" ಅಂದೆ.

ಅವನು ನಕ್ಕ. ಆಮೇಲೆ ನಗು ನಿಲ್ಲಿಸಿ ಎದ್ದು ಕೂತ.

ಹೊರಗೆ ಬರುವಾಗ ಗೇಟಿನವನು ಸ್ಟೂಲಿನಿಂದ ಎದ್ದು ನಿಂತಿದ್ದ. ನನ್ನನ್ನು ನೋಡಿದ, ಬಾಯಿ ತೆರೆದ. "ನಡಿ," ಅಂದ. ದನಿ ತಗ್ಗಿತ್ತು. ತೊಲಗು ಅಂದನೋ, ಭೇಷ್ ಅಂದನೋ ಗೊತ್ತಾಗಲಿಲ್ಲ. ಅವನಿಗೂ ಗೊತ್ತಿತ್ತೋ ಇಲ್ಲವೋ. ನನಗೆ ಕೇಳಬೇಕು ಅನ್ನಿಸಿತು. ಅಜ್ಜಿ ಅಷ್ಟರಲ್ಲಿ ಅವನ ತೋಳು ತಟ್ಟಿದಳು.

"ನೀನೂ ನಡಿಯಪ್ಪ. ಕೂತು ಕೂತು ಹೊಟ್ಟೆ ಬಂದಿದೆ."

ಅಜ್ಜಿಗೆ ಸತ್ಯ ಹೇಳೋಣ ಅಂದುಕೊಂಡೆ. ನಾಲಿಗೆಯ ತುದಿಗೆ ಬಂದಿತ್ತು. ಅವಳು ಆ ಕಡ್ಡಿಯನ್ನು ಮನೆಗೆ ಒಯ್ಯುತ್ತಿದ್ದಳು, ಮುಂದಿನ ಪಂದ್ಯಕ್ಕೆ ಬೇಕಾಗುತ್ತದೆ ಅಂತ. ಹೇಳಲಿಲ್ಲ.

ಸೇತುವೆಗೆ ಬರುವ ಹೊತ್ತಿಗೆ ಬಿಸಿಲು ಓರೆಯಾಗಿತ್ತು. ಕಂಕುಳಲ್ಲಿ ಗಂಟು ಇರಲಿಲ್ಲ. ಕೈ ಎಲ್ಲಿಡಬೇಕೆಂದು ತಿಳಿಯದೆ ಬೀಸುತ್ತಾ ಹೋಗುತ್ತಿದ್ದೆ. ನೀರಿನ ಮೇಲಿನ ಬೆಳಕು ಕಣ್ಣಿಗೆ ಹೊಡೆದು, ಎಚ್ಚರವೋ ನಿದ್ದೆಯೋ ಅನ್ನುವ ಹಾಗಿತ್ತು. ಮುಂದೆ ಉದ್ದಾನುದ್ದ ಸೇತುವೆ. ಹಿಂದೆ ಯಾರೋ ಬರುವ ಸದ್ದು. ಅದೇ ಸದ್ದು, ಇಷ್ಟು ವರ್ಷ ಕೇಳಿದ್ದು. ಬೆನ್ನು ಬಿಗಿಯಿತು, ಕಾಲು ತಾನಾಗಿ ಬಿರುಸಾಯಿತು. ಆಮೇಲೆ ನಿಂತೆ. ಎಂದೂ ಮಾಡದ್ದನ್ನು ಮಾಡಿದೆ, ತಿರುಗಿ ನೋಡಿದೆ.

ಅಪ್ಪ. ನಾನು ಕಳಚಿಟ್ಟ ಬಿಳಿ ಅಂಚಿನ ಪ್ಯಾಂಟನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು, ಏದುಸಿರು ಬಿಡುತ್ತಾ, ಓಡದೆ, ಆದಷ್ಟು ಬೇಗ ನಡೆದು ಬರುತ್ತಿದ್ದ. ಅವನ ತೋಳಿಗೆ ಜೋತುಬಿದ್ದು ಅಜ್ಜಿ. ಅವಳ ಕೈಯಲ್ಲಿ ಕಡ್ಡಿ.

"ನಿಂತ್ಕೊಂಡು ಏನೋ ನೋಡ್ತೀಯಾ," ಅಂದಳು. "ನಡಿ."